ಎತ್ತರದ ಮೋಡದ ಹಿಮ ಹರಳುಗಳು ಲೇಸರ್ ಬೆಳಕನ್ನು ಚದುರಿಸುವ ಬಗೆ: ಮೊರಪ್ಪೂರಿನ ಆಕಾಶದಿಂದ ಗಾದಂಕಿಯವರೆಗೆ

ಮೊರಪ್ಪೂರು, ಹರೂರು, ಧರ್ಮಪುರಿ, ಕೃಷ್ಣಗಿರಿ, ಹೊಸೂರು, ಸೇಲಂ. ನಮ್ಮ ಸದಸ್ಯರು ನೆಲೆಸಿರುವ ಊರುಗಳು ಬೇರೆಯಾದರೂ ನಮ್ಮೆಲ್ಲರ ತಲೆಯ ಮೇಲಿನ ಆಕಾಶ ಒಂದೇ. ಈ ಆಕಾಶದ ತೀರ ಮೇಲಿನ ಅಂತಸ್ತಿನಲ್ಲಿ, ಹಿಂಜಿದ ಅರಳೆಯ ಎಳೆಗಳಂತೆ ಕಾಣುವ ಬಿಳಿ ಮೋಡಗಳನ್ನು ನಾವೆಲ್ಲ ನೋಡಿದ್ದೇವೆ. ಇವುಗಳಿಗೆ ಸಿರಸ್ ಮೋಡಗಳು ಎಂದು ಹೆಸರು. ಇವು ಮಳೆ ಸುರಿಸುವುದಿಲ್ಲ, ಗುಡುಗುವುದಿಲ್ಲ, ಬಿಸಿಲನ್ನೂ ಹೆಚ್ಚು ತಡೆಯುವುದಿಲ್ಲ. ಹೀಗಾಗಿ ಇವುಗಳ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಆದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂಬ ಲೆಕ್ಕದಲ್ಲಿ ಈ ತೆಳು ಮೋಡಗಳಿಗೆ ದೊಡ್ಡ ಪಾಲಿದೆ. ಆ ಪಾಲನ್ನು ಅಳೆಯಲು ವಿಜ್ಞಾನಿಗಳು ಬಳಸುವ ಮುಖ್ಯ ಉಪಕರಣಗಳಲ್ಲಿ ಒಂದು ಲೇಸರ್ ಬೆಳಕು. ಅಂಥ ಒಂದು ಕೇಂದ್ರ ಮೊರಪ್ಪೂರಿನಿಂದ ನೇರ ಗೆರೆಯಲ್ಲಿ ಇನ್ನೂರು ಕಿಲೋಮೀಟರ್ ಒಳಗೇ, ತಿರುಪತಿ ಬಳಿಯ ಗಾದಂಕಿಯಲ್ಲಿದೆ. ಅಲ್ಲಿ ನಡೆಯುವ ಕೆಲಸ ಏನು, ಹಿಮದ ಹರಳುಗಳು ಲೇಸರ್ ಬೆಳಕನ್ನು ಏನು ಮಾಡುತ್ತವೆ ಎಂಬುದನ್ನು ಈ ಲೇಖನದಲ್ಲಿ ಒಂದೆಡೆ ಕೊಟ್ಟಿದ್ದೇವೆ.

ಬೆಂಗಳೂರಿನಲ್ಲಿ ಕಂಡ ಬಳೆ

2021ರ ಮೇ 24ರಂದು, ಮಧ್ಯಾಹ್ನಕ್ಕೆ ಮೊದಲು, ಬೆಂಗಳೂರಿನ ಆಕಾಶದಲ್ಲಿ ಸೂರ್ಯನ ಸುತ್ತ ದೊಡ್ಡದೊಂದು ಬಳೆ ಮೂಡಿತು. ಕೋವಿಡ್ ಎರಡನೆಯ ಅಲೆಯ ಲಾಕ್‌ಡೌನ್ ಕಾಲ ಅದು. ಮನೆಯೊಳಗಿದ್ದ ಜನ ಮಹಡಿಗೆ ಬಂದು ಫೋಟೋ ತೆಗೆದರು. ಕೆಲವೇ ಗಂಟೆಗಳಲ್ಲಿ ಆ ಚಿತ್ರಗಳು ಎಲ್ಲರ ಮೊಬೈಲ್ ತಲುಪಿದವು. ಇದು ಶುಭವೋ ಅಶುಭವೋ ಎಂಬ ಚರ್ಚೆಯೂ ಜೊತೆಗೇ ಬಂತು.

ಇದಕ್ಕೆ ಪರಿವೇಷ ಎಂಬ ಹಳೆಯ ಹೆಸರಿದೆ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಪರಿವೇಷಕ್ಕೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ತೆಳುವಾದ ಮೋಡವಿರುವ ಆಕಾಶದಲ್ಲಿ ಸೂರ್ಯ ಚಂದ್ರರ ಕಿರಣಗಳು ಗಾಳಿಯಿಂದ ಮಂಡಲದ ಆಕಾರ ತಾಳುತ್ತವೆ ಎಂಬುದು ಅವನ ವಿವರಣೆ. ಗಾಳಿಯ ಮಾತು ಇಂದಿನ ಭೌತಶಾಸ್ತ್ರಕ್ಕೆ ಹೊಂದುವುದಿಲ್ಲ. ಆದರೆ ತೆಳು ಮೋಡ ಬೇಕು ಎಂದು ಗಮನಿಸಿದ್ದು ಸರಿಯಾಗಿಯೇ ಇದೆ. ಅವನು ಹೇಳದೆ ಉಳಿದದ್ದು ಆ ಮೋಡ ನೀರಿನ ಹನಿಗಳದ್ದಲ್ಲ, ಹಿಮದ ಹರಳುಗಳದ್ದು ಎಂಬ ಸಂಗತಿ.

ಮೇ ತಿಂಗಳ ಬಿಸಿಲಿನಲ್ಲಿ ಹಿಮ ಎಲ್ಲಿಂದ ಬಂತು?

ನೆಲದ ಮೇಲೆ ಎಷ್ಟೇ ಸೆಕೆ ಇದ್ದರೂ ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ನಮ್ಮ ಭಾಗದಲ್ಲಿ ಈ ತಣಿಯುವಿಕೆ ಸುಮಾರು 16ರಿಂದ 17 ಕಿಲೋಮೀಟರ್ ಎತ್ತರದವರೆಗೂ ಮುಂದುವರಿಯುತ್ತದೆ. ಅಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗೆ ಇರುತ್ತದೆ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಮೋಡದಲ್ಲಿರುವ ಸಣ್ಣ ನೀರಹನಿ ಸೊನ್ನೆ ಡಿಗ್ರಿಗೆ ಬಂದ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಹರಳು ಬೆಳೆಯಲು ಆಸರೆಯಾಗುವ ಧೂಳಿನ ಕಣ ಸಿಗದಿದ್ದರೆ ಅದು ಸೊನ್ನೆಗಿಂತ ಎಷ್ಟೋ ಕೆಳಗೂ ನೀರಾಗಿಯೇ ಉಳಿಯಬಲ್ಲದು. ಸುಮಾರು ಮೈನಸ್ 38 ಡಿಗ್ರಿ ದಾಟಿದ ಮೇಲೆ ಮಾತ್ರ ಯಾವ ಆಸರೆಯೂ ಇಲ್ಲದೆ ತಾನೇ ಹಿಮವಾಗುತ್ತದೆ. ಆದ್ದರಿಂದ ಮೋಡಗಳಲ್ಲಿ ಮೂರು ಅಂತಸ್ತುಗಳಿವೆ ಎನ್ನಬಹುದು: ಕೆಳಗೆ ಬರೀ ನೀರು, ನಡುವೆ ನೀರೂ ಹಿಮವೂ ಬೆರೆತದ್ದು, ಮೇಲೆ ಬರೀ ಹಿಮ. ಸಿರಸ್ ಮೋಡ ಮೇಲಿನ ಅಂತಸ್ತಿನದು. ನಮ್ಮ ಕಡೆ ಅದು ಸಾಮಾನ್ಯವಾಗಿ 10ರಿಂದ 17 ಕಿಲೋಮೀಟರ್ ನಡುವೆ ಇರುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ಇಂಥ ಮೋಡಗಳು ಬಹುಪಾಲು ಬಂಗಾಳ ಕೊಲ್ಲಿಯ ಕಡೆಯಿಂದ ಬರುತ್ತವೆ. ಕೊಲ್ಲಿಯ ಮೇಲೆ ಎದ್ದ ಗುಡುಗು ಮೋಡಗಳ ನೆತ್ತಿಯಿಂದ ಹರಡಿದ ಹಿಮವನ್ನು, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಬೀಸುವ ಪೂರ್ವದ ಗಾಳಿ ದಕ್ಷಿಣ ಭಾರತದ ಮೇಲೆ ಹಾಸುತ್ತದೆ. ಕೆಳಗೆ ಪಶ್ಚಿಮದಿಂದ ಗಾಳಿ ಬೀಸುತ್ತಿರುವಾಗ ಮೇಲೆ ಅದಕ್ಕೆ ತದ್ವಿರುದ್ಧವಾಗಿ ಮೋಡಗಳು ಪಶ್ಚಿಮಕ್ಕೆ ಸಾಗುತ್ತಿರುತ್ತವೆ. ಜುಲೈ ತಿಂಗಳಲ್ಲಿ ಕೆಳಗಿನ ಮೋಡ ಒಂದಿಷ್ಟು ಸರಿದಾಗ ಮೇಲೆ ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ.

ಆರು ಮೂಲೆಯ ಹರಳು, 22 ಡಿಗ್ರಿಯ ಬಳೆ

ಹಿಮ ಹರಳುಗಟ್ಟುವಾಗ ನೀರಿನ ಅಣುಗಳು ಷಟ್ಕೋನದ ಜೋಡಣೆಯಲ್ಲಿ ಕೂರುತ್ತವೆ. ಆದ್ದರಿಂದ ಹರಳಿಗೂ ಆರು ಮೂಲೆ. ಅದು ಚಪ್ಪಟೆಯಾಗಿ ಬೆಳೆದರೆ ತಟ್ಟೆ, ಉದ್ದವಾಗಿ ಬೆಳೆದರೆ ಸೀಸದ ಕಡ್ಡಿಯಂಥ ಕಂಬ. ಹಲವು ಕಂಬಗಳು ಒಂದೇ ಬುಡದಿಂದ ಹೂವಿನಂತೆ ಅರಳಿರುವುದೂ ಉಂಟು. ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ನೂರನೇ ಒಂದು ಪಾಲಿನಿಂದ ಹಿಡಿದು ಕೆಲವು ಹತ್ತನೇ ಪಾಲಿನವರೆಗೆ.

ಷಟ್ಕೋನದ ಒಂದು ಬದಿಯಿಂದ ಒಳಹೊಕ್ಕ ಬೆಳಕು, ಒಂದು ಬದಿ ಬಿಟ್ಟು ಮುಂದಿನ ಬದಿಯಿಂದ ಹೊರಬಂದರೆ, ಅದು 60 ಡಿಗ್ರಿಯ ಪಟ್ಟಕದೊಳಗೆ ಹಾದುಹೋದಂತೆ. ಹಿಮದ ವಕ್ರೀಭವನಾಂಕ ಸುಮಾರು 1.31. ಶಾಲೆಯಲ್ಲಿ ಕಲಿತ ಪಟ್ಟಕದ ಸೂತ್ರಕ್ಕೆ ಈ ಎರಡು ಅಂಕಿಗಳನ್ನು ಹಾಕಿದರೆ ಬೆಳಕು ಕನಿಷ್ಠ 22 ಡಿಗ್ರಿಯಷ್ಟು ಬಾಗುತ್ತದೆ ಎಂದು ಬರುತ್ತದೆ. ಹರಳುಗಳು ಎಲ್ಲ ದಿಕ್ಕಿಗೂ ತಿರುಗಿಕೊಂಡಿದ್ದರೂ ಹೆಚ್ಚು ಬೆಳಕು ಈ ಕೋನದ ಬಳಿಯೇ ಒಟ್ಟಾಗುತ್ತದೆ. ಅದೇ ಸೂರ್ಯನಿಂದ 22 ಡಿಗ್ರಿ ದೂರದಲ್ಲಿ ಕಾಣುವ ಬಳೆ. ಕೆಂಪು ಬೆಳಕು ಉಳಿದ ಬಣ್ಣಗಳಿಗಿಂತ ಕಡಿಮೆ ಬಾಗುವುದರಿಂದ ಬಳೆಯ ಒಳ ಅಂಚು ಕೆಂಪು.

ಚಂದ್ರನಿಗೆ ಅಂಟಿಕೊಂಡಂತೆ ಕಾಣುವ ಚಿಕ್ಕ ಬಣ್ಣದ ವೃತ್ತ ಬೇರೆ. ಅದು ಸಾಮಾನ್ಯವಾಗಿ ನೀರಿನ ಸಣ್ಣ ಹನಿಗಳ ಕೆಲಸ, ಅದರಲ್ಲಿ ಕೆಂಪು ಹೊರ ಅಂಚಿಗೆ ಇರುತ್ತದೆ. ದೊಡ್ಡ ಬಳೆ ಕಂಡರೆ ಹಿಮ, ಚಿಕ್ಕ ವೃತ್ತ ಕಂಡರೆ ಬಹುಮಟ್ಟಿಗೆ ನೀರು ಎಂದು ನೆನಪಿಟ್ಟುಕೊಳ್ಳಬಹುದು.

ಸೂರ್ಯನ ಬದಲು ಲೇಸರ್

ಪರಿವೇಷ ನೋಡಿ ಮೋಡದಲ್ಲಿ ಹಿಮ ಇದೆ ಎಂದು ಹೇಳಬಹುದು. ಅದು ಎಷ್ಟು ಎತ್ತರದಲ್ಲಿದೆ, ಎಷ್ಟು ದಪ್ಪ, ಎಷ್ಟು ಬೆಳಕು ತಡೆಯುತ್ತದೆ ಎಂದು ಹೇಳಲಾಗದು. ಅದಕ್ಕೆ ನಮ್ಮದೇ ಬೆಳಕನ್ನು ಕಳಿಸಿ, ಮರಳಿ ಬಂದದ್ದನ್ನು ಅಳೆಯಬೇಕು. ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ. ಮೂರೇ ವರ್ಷಗಳಲ್ಲಿ, 1963ರಲ್ಲಿ, ಅಮೆರಿಕದ ಎಂಐಟಿಯಲ್ಲಿ ಫಿಯೊಕ್ಕೊ ಮತ್ತು ಸ್ಮಲಿನ್ ಎಂಬ ಇಬ್ಬರು ಲೇಸರನ್ನು ಆಕಾಶಕ್ಕೆ ಹಾಯಿಸಿ ವಾತಾವರಣದಿಂದ ಮರಳಿದ ಬೆಳಕನ್ನು ಹಿಡಿದರು. ಈ ವಿಧಾನಕ್ಕೆ ಲೈಡಾರ್ ಎಂದು ಹೆಸರು. ರೇಡಾರಿನಲ್ಲಿ ರೇಡಿಯೋ ಅಲೆ, ಲೈಡಾರಿನಲ್ಲಿ ಬೆಳಕು.

ಗಾದಂಕಿಯಲ್ಲಿರುವುದು ಬಾಹ್ಯಾಕಾಶ ಇಲಾಖೆಗೆ ಸೇರಿದ ರಾಷ್ಟ್ರೀಯ ವಾತಾವರಣ ಸಂಶೋಧನಾ ಪ್ರಯೋಗಾಲಯ. ಮೊದಲು ದೊಡ್ಡ ರೇಡಾರ್ ಒಂದಕ್ಕಾಗಿ ಶುರುವಾದ ಕೇಂದ್ರ ಇದು. ಜಪಾನಿನ ಸಹಯೋಗದಲ್ಲಿ ಅಲ್ಲಿ 1998ರಲ್ಲಿ ಲೈಡಾರ್ ಕೆಲಸ ಆರಂಭಿಸಿತು. 532 ನ್ಯಾನೋಮೀಟರ್ ಅಲೆಯುದ್ದದ ಹಸಿರು ಬೆಳಕು, ಸೆಕೆಂಡಿಗೆ 20 ಮಿಡಿತ, ಒಂದೊಂದು ಮಿಡಿತವೂ 7 ನ್ಯಾನೋಸೆಕೆಂಡಿನಷ್ಟು ಚಿಕ್ಕದು. ಅಂದರೆ ಆಕಾಶದಲ್ಲಿ ಸುಮಾರು ಎರಡು ಮೀಟರ್ ಉದ್ದದ ಬೆಳಕಿನ ತುಂಡು ಮೇಲಕ್ಕೆ ಓಡುತ್ತದೆ. ಮರಳಿದ ಬೆಳಕು ಹಿಡಿಯಲು ಎರಡು ದೂರದರ್ಶಕಗಳು. ಸಿರಸ್ ಮೋಡಗಳನ್ನು ನೋಡುವುದು ಅವುಗಳಲ್ಲಿ ಚಿಕ್ಕದಾದ, 35 ಸೆಂಟಿಮೀಟರಿನದು.

ಎತ್ತರ ಕಂಡುಹಿಡಿಯುವುದು ಬಾವಿಗೆ ಕಲ್ಲು ಹಾಕಿ ಸದ್ದು ಕೇಳಲು ಕಾಯುವಂಥದೇ ಲೆಕ್ಕ. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. 15 ಕಿಲೋಮೀಟರ್ ಎತ್ತರದ ಮೋಡಕ್ಕೆ ಹೋಗಿ ಬರಲು 30 ಕಿಲೋಮೀಟರ್, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು. ಒಂದು ಮೈಕ್ರೋಸೆಕೆಂಡ್ ತಡವಾಗಿ ಬಂದ ಬೆಳಕು 150 ಮೀಟರ್ ಹೆಚ್ಚು ಎತ್ತರದಿಂದ ಬಂದದ್ದು. ಮರಳುವ ಬೆಳಕು ತೀರ ಕಡಿಮೆಯಾದ್ದರಿಂದ ಕೆಲವು ನಿಮಿಷಗಳ ಸಾವಿರಾರು ಮಿಡಿತಗಳನ್ನು ಕೂಡಿಸಿ ಒಂದು ಚಿತ್ರ ತಯಾರಿಸುತ್ತಾರೆ.

ಹರಳು ಬೆಳಕನ್ನು ಎಲ್ಲಿಗೆ ಎಸೆಯುತ್ತದೆ?

ಗಾಳಿಯ ಅಣುಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ಚಿಕ್ಕವು. ಅವು ಬೆಳಕನ್ನು ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ, ನೀಲಿಯನ್ನು ಹೆಚ್ಚಾಗಿ ಚದುರಿಸುತ್ತವೆ. ಆಕಾಶ ನೀಲಿಯಾಗಿರುವುದು ಇದರಿಂದ. ಹಿಮದ ಹರಳು ಹಾಗಲ್ಲ. ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು ಗಾತ್ರದ ಹರಳು ಕೂಡ ಹಸಿರು ಲೇಸರಿನ ಅಲೆಯುದ್ದಕ್ಕಿಂತ 90 ಪಟ್ಟು ದೊಡ್ಡದು. ಆದ್ದರಿಂದ ಅಲ್ಲಿ ಬೆಳಕು ಗಾಜಿನ ತುಂಡಿಗೆ ಬಿದ್ದಂತೆ ವರ್ತಿಸುತ್ತದೆ, ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿ ಚದುರುತ್ತವೆ. ಮೋಡ ಬೆಳ್ಳಗಿರುವುದು ಅದಕ್ಕೇ.

ಹೀಗೆ ಚದುರಿದ ಬೆಳಕಿನ ಸುಮಾರು ಅರ್ಧದಷ್ಟು ಹರಳಿನ ಅಂಚಿನಲ್ಲಿ ತುಸುವೇ ಬಾಗಿ, ಬಹುತೇಕ ನೇರ ಮುಂದಕ್ಕೇ ಹೋಗುತ್ತದೆ. ಉಳಿದದ್ದರಲ್ಲಿಯೂ ಹೆಚ್ಚಿನದು ಹರಳಿನೊಳಗೆ ಹಾದು ಮುಂದಕ್ಕೇ ಸಾಗುತ್ತದೆ. 22 ಡಿಗ್ರಿಯ ಬಳೆ ಈ ಪಾಲಿನದು. ಹಿಂದಕ್ಕೆ, ಬಂದ ದಾರಿಯಲ್ಲೇ, ಮರಳುವುದು ಬಹಳ ಸಣ್ಣ ಅಂಶ. ಲೈಡಾರಿಗೆ ಸಿಗುವುದು ಅದೊಂದೇ.

ಆ ಸಣ್ಣ ಅಂಶ ಮರಳುವುದು ಹೇಗೆ? ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರ್ ನೆನಪಿಸಿಕೊಳ್ಳಿ. ಅದರೊಳಗೆ ಒಂದಕ್ಕೊಂದು ಲಂಬವಾದ ಪುಟ್ಟ ಮುಖಗಳಿವೆ. ಲಾರಿಯ ದೀಪ ಯಾವ ಕಡೆಯಿಂದ ಬಿದ್ದರೂ ಬೆಳಕು ಮೂಲೆಯಲ್ಲಿ ತಿರುಗಿ ಬಂದ ಕಡೆಗೇ ಹೋಗುತ್ತದೆ. ಹಿಮದ ಹರಳಿನಲ್ಲಿಯೂ ಪಕ್ಕದ ಮುಖಕ್ಕೂ ತುದಿಯ ಮುಖಕ್ಕೂ ನಡುವೆ 90 ಡಿಗ್ರಿ ಕೋನವಿದೆ. ನುಣುಪಾದ ಹರಳುಗಳಲ್ಲಿ ಈ ಮೂಲೆಗಳು ಬೆಳಕನ್ನು ಚೆನ್ನಾಗಿ ಹಿಂದಕ್ಕೆ ತಿರುಗಿಸುತ್ತವೆ. ಹರಳು ಒರಟಾಗಿದ್ದರೆ, ಅಂಚು ಸವೆದಿದ್ದರೆ, ಈ ಮರಳುವಿಕೆ ಕುಗ್ಗುತ್ತದೆ. ಪರಿವೇಷವೂ ಮಸುಕಾಗುತ್ತದೆ. ಸಿರಸ್ ಮೋಡಗಳೆಲ್ಲ ಬಳೆ ತೋರಿಸದಿರುವುದಕ್ಕೆ ಇದೂ ಒಂದು ಕಾರಣ.

ನೀರೋ ಹಿಮವೋ: ಧ್ರುವೀಕರಣದ ಪರೀಕ್ಷೆ

ಕಿಟಕಿಯ ನಿಂತ ಸರಳುಗಳ ನಡುವೆ ಒಂದು ಹಗ್ಗ ತೂರಿಸಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಆಚೆಗೆ ಹೋಗುತ್ತದೆ. ಅಕ್ಕಪಕ್ಕಕ್ಕೆ ಅಲ್ಲಾಡಿಸಿದರೆ ಸರಳಿಗೆ ತಗುಲಿ ನಿಲ್ಲುತ್ತದೆ. ಬೆಳಕಿಗೂ ಇಂಥ ಅಲುಗಾಟದ ದಿಕ್ಕಿದೆ. ಲೈಡಾರಿನ ಲೇಸರ್ ಬೆಳಕು ಒಂದೇ ದಿಕ್ಕಿನಲ್ಲಿ ಅಲುಗಾಡುತ್ತದೆ. ಮರಳಿದ ಬೆಳಕನ್ನು ಎರಡು ಪಾಲು ಮಾಡಿ, ಮೊದಲಿನ ದಿಕ್ಕಿನದೆಷ್ಟು, ಅಡ್ಡ ದಿಕ್ಕಿನದೆಷ್ಟು ಎಂದು ಬೇರೆ ಬೇರೆ ಎಣಿಸುತ್ತಾರೆ.

ದುಂಡಗಿನ ನೀರಹನಿಯಿಂದ ನೇರ ಹಿಂದಕ್ಕೆ ಬಂದ ಬೆಳಕು ತನ್ನ ದಿಕ್ಕನ್ನು ಬದಲಿಸುವುದಿಲ್ಲ. ಹನಿ ಎಲ್ಲ ಕಡೆಯಿಂದಲೂ ಒಂದೇ ಆಕಾರದ್ದು. ಹಿಮದ ಹರಳಿನೊಳಗೆ ಬೆಳಕು ಓರೆ ಮುಖಗಳಿಗೆ ಬಡಿದು ಹಲವು ಬಾರಿ ತಿರುಗುತ್ತದೆ, ಅಲುಗಾಟದ ದಿಕ್ಕೂ ತಿರುಚಿಕೊಳ್ಳುತ್ತದೆ. ಮೊದಲಿನ ದಿಕ್ಕಿನಲ್ಲಿ 100 ಪಾಲು ಬಂದು ಅಡ್ಡ ದಿಕ್ಕಿನಲ್ಲಿ 40 ಪಾಲು ಬಂದರೆ ಅನುಪಾತ 0.4. ನೀರಹನಿಗೆ ಇದು ಸೊನ್ನೆಯ ಹತ್ತಿರ, ಸಿರಸ್ ಮೋಡಕ್ಕೆ ಸಾಮಾನ್ಯವಾಗಿ 0.3ರಿಂದ 0.5.

ಈ ಪರೀಕ್ಷೆ ಮೋಸಹೋಗುವ ಸಂದರ್ಭಗಳೂ ಇವೆ. ದಟ್ಟವಾದ ನೀರಿನ ಮೋಡದಲ್ಲಿ ಬೆಳಕು ಒಂದು ಹನಿಯಿಂದ ಇನ್ನೊಂದಕ್ಕೆ ಚದುರುತ್ತ ಹೋದರೆ ಅನುಪಾತ ಏರುತ್ತದೆ. ದೊಡ್ಡ ತಟ್ಟೆ ಹರಳುಗಳು ಗಾಳಿಯಲ್ಲಿ ಮುತ್ತುಗದ ಎಲೆಯಂತೆ ಮಟ್ಟಸವಾಗಿ ಇಳಿಯುತ್ತಿದ್ದರೆ, ನೇರ ಮೇಲಕ್ಕೆ ಹೋದ ಲೇಸರಿಗೆ ಅವು ಕನ್ನಡಿಯಾಗುತ್ತವೆ. ಆಗ ಮರಳುವ ಬೆಳಕು ಬಹಳ ಹೆಚ್ಚು, ಅನುಪಾತ ಮಾತ್ರ ನೀರಿನಷ್ಟೇ ಕಡಿಮೆ. ಹೀಗಾಗಿ ಆ ಎತ್ತರದ ಉಷ್ಣತೆಯನ್ನೂ ಸೇರಿಸಿ ನೋಡಬೇಕು. ಮೈನಸ್ 70 ಡಿಗ್ರಿಯಲ್ಲಿ ನೀರು ಇರಲು ಸಾಧ್ಯವಿಲ್ಲ, ಆದ್ದರಿಂದ ಅಲ್ಲಿ ಅನುಪಾತ ಕಡಿಮೆ ಬಂದರೆ ಹರಳುಗಳು ಮಲಗಿವೆ ಎಂದೇ ಅರ್ಥ.

ಬಾಹ್ಯಾಕಾಶದ ಲೈಡಾರಿಗೂ ಇದೇ ತೊಂದರೆ ಎದುರಾಯಿತು. ಅಮೆರಿಕ ಮತ್ತು ಫ್ರಾನ್ಸ್ ಸೇರಿ 2006ರ ಏಪ್ರಿಲ್ 28ರಂದು ಹಾರಿಸಿದ ಕ್ಯಾಲಿಪ್ಸೊ ಉಪಗ್ರಹ ಮೊದಲು ಬಹುತೇಕ ನೇರ ಕೆಳಕ್ಕೆ ಲೇಸರ್ ಹಾಯಿಸುತ್ತಿತ್ತು. ಮಲಗಿದ ಹರಳುಗಳ ಕನ್ನಡಿ ಹೊಳಪು ಅಳತೆ ಕೆಡಿಸುತ್ತಿದ್ದುದರಿಂದ 2007ರ ನವೆಂಬರಿನಲ್ಲಿ ಅದನ್ನು 3 ಡಿಗ್ರಿ ಓರೆಯಾಗಿಸಿದರು. ಅದು 2023ರ ಆಗಸ್ಟ್‌ವರೆಗೆ ಕೆಲಸ ಮಾಡಿತು. ಈಗ ಯುರೋಪ್ ಮತ್ತು ಜಪಾನ್ ಸೇರಿ 2024ರ ಮೇ ತಿಂಗಳಲ್ಲಿ ಕಳಿಸಿದ ಅರ್ಥ್‌ಕೇರ್ ಉಪಗ್ರಹದಲ್ಲಿ ಲೈಡಾರ್ ಇದೆ.

ರಾಮನ್ ಪರಿಣಾಮದ ನೆರವು

ಹಿಂದಕ್ಕೆ ಬಂದ ಬೆಳಕನ್ನು ಅಳೆದು, ಮೋಡ ಒಟ್ಟು ಎಷ್ಟು ಬೆಳಕನ್ನು ತಡೆಯಿತು ಎಂದು ಹೇಳಬೇಕಾದರೆ ಎರಡರ ನಡುವಿನ ಅನುಪಾತ ಗೊತ್ತಿರಬೇಕು. ಅದು ಹರಳಿನ ಆಕಾರದ ಮೇಲೆ ನಿಂತಿದೆ, ಆಕಾರ ನಮಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಒಂದು ಬೆಲೆಯನ್ನು ಊಹಿಸಿಕೊಂಡು ಲೆಕ್ಕ ಹಾಕುತ್ತಾರೆ. ಊಹೆ ತಪ್ಪಿದರೆ ಉತ್ತರವೂ ತಪ್ಪು.

ಈ ಗಂಟು ಬಿಡಿಸುವ ಒಂದು ದಾರಿಗೆ ಸಿ.ವಿ. ರಾಮನ್ ಹೆಸರಿದೆ. ಅವರು 1928ರಲ್ಲಿ ಕಂಡುಹಿಡಿದು, 1933ರಲ್ಲಿ ಬೆಂಗಳೂರಿಗೆ ಬಂದು ಮುಂದುವರಿಸಿದ ವಿಷಯ ಇದು: ಅಣುಗಳು ಚದುರಿಸಿದ ಬೆಳಕಿನ ಸಣ್ಣ ಪಾಲು ಬಣ್ಣ ಬದಲಿಸುತ್ತದೆ. 532 ನ್ಯಾನೋಮೀಟರಿನ ಹಸಿರು ಬೆಳಕು ಗಾಳಿಯ ಸಾರಜನಕಕ್ಕೆ ಬಡಿದಾಗ ಅದರ ಅತಿ ಸಣ್ಣ ಅಂಶ 607 ನ್ಯಾನೋಮೀಟರಿಗೆ, ಅಂದರೆ ಕಿತ್ತಳೆ ಬಣ್ಣಕ್ಕೆ, ಸರಿಯುತ್ತದೆ. ಹಿಮದ ಹರಳು ಈ ಬಣ್ಣದ ಬೆಳಕನ್ನು ಕೊಡುವುದಿಲ್ಲ. ಗಾಳಿಯಲ್ಲಿ ಸಾರಜನಕ ಎಷ್ಟಿದೆ ಎಂಬುದು ನಮಗೆ ಗೊತ್ತು. ಆದ್ದರಿಂದ ಮೋಡದ ಮೇಲಿನಿಂದ ಬರುವ ಕಿತ್ತಳೆ ಬೆಳಕು ಎಷ್ಟು ಕುಗ್ಗಿದೆ ಎಂದು ನೋಡಿದರೆ ಮೋಡ ತಡೆದದ್ದೆಷ್ಟು ಎಂದು ಊಹೆಯಿಲ್ಲದೆ ಸಿಗುತ್ತದೆ.

ಇದರಿಂದ ನಮಗೇನು?

ಸಿರಸ್ ಮೋಡಗಳ ದಪ್ಪವನ್ನು ದೃಕ್ ಸಾಂದ್ರತೆ ಎಂಬ ಅಂಕಿಯಲ್ಲಿ ಹೇಳುತ್ತಾರೆ. 0.03ಕ್ಕಿಂತ ಕಡಿಮೆಯಿದ್ದರೆ ಅದು ಕಣ್ಣಿಗೆ ಕಾಣದ ಮೋಡ, ನೇರ ಬರುವ ಬೆಳಕಿನ ನೂರರಲ್ಲಿ ಮೂರು ಪಾಲನ್ನೂ ತಡೆಯದು. 0.03ರಿಂದ 0.3ರವರೆಗೆ ತೆಳು ಮೋಡ. 0.3ರಲ್ಲಿ ನೂರಕ್ಕೆ 26 ಪಾಲು ಬೆಳಕು ದಾರಿ ತಪ್ಪುತ್ತದೆ. ಅದಕ್ಕೂ ಹೆಚ್ಚಾದರೆ ದಪ್ಪ ಸಿರಸ್. ಗಾದಂಕಿಯ ಲೈಡಾರ್ ಮಾಹಿತಿ ಬಳಸಿ ಅಲ್ಲಿನ ಹಾಗೂ ತಿರುವನಂತಪುರದ ಭೌತ ಪ್ರಯೋಗಾಲಯದ ವಿಜ್ಞಾನಿಗಳು ಈ ಮೂರೂ ಬಗೆಯ ಮೋಡಗಳನ್ನು ಅಧ್ಯಯನ ಮಾಡಿದ್ದಾರೆ. ಬರಿಗಣ್ಣಿಗೆ ತಿಳಿಯಾಗಿ ಕಂಡ ರಾತ್ರಿಯಲ್ಲೂ ಲೈಡಾರಿನ ಚಿತ್ರದಲ್ಲಿ ಹಿಮದ ಪದರ ಇರಬಹುದು.

ಈ ತೆಳು ಪದರ ಬಿಸಿಲನ್ನು ಬಹುಪಾಲು ಕೆಳಗೆ ಬಿಡುತ್ತದೆ. ಆದರೆ ನೆಲದಿಂದ ಮೇಲೇಳುವ ಶಾಖದ ಕಿರಣಗಳನ್ನು ಹೀರಿ ಹಿಡಿಯುತ್ತದೆ. 27 ಡಿಗ್ರಿಯ ನೆಲ ಹೊರಸೂಸುವ ಶಾಖಕ್ಕೆ ಹೋಲಿಸಿದರೆ ಮೈನಸ್ 70 ಡಿಗ್ರಿಯ ವಸ್ತು ಹೊರಸೂಸುವುದು ಸುಮಾರು ಐದನೇ ಒಂದು ಪಾಲು ಮಾತ್ರ. ಅಂದರೆ ಬಂದದ್ದು ಹೆಚ್ಚು, ಬಿಟ್ಟದ್ದು ಕಡಿಮೆ. ತೆಳು ಸಿರಸ್ ಭೂಮಿಗೆ ಹೊದಿಕೆಯಾಗುತ್ತದೆ. ಗುಡುಗು ಮೋಡದ ನೆತ್ತಿಯಂಥ ದಪ್ಪ ಪದರ ಬಿಸಿಲನ್ನೇ ಹಿಂದಕ್ಕೆ ಕಳಿಸಿ ತಂಪು ಮಾಡಬಲ್ಲದು. ಎಲ್ಲಿ ಬಿಸಿ ಮುಗಿದು ತಂಪು ಶುರುವಾಗುತ್ತದೆ ಎಂಬುದು ಮೋಡದ ದಪ್ಪ, ಎತ್ತರ ಮತ್ತು ಹರಳಿನ ಆಕಾರ ಈ ಮೂರರ ಮೇಲೆ ನಿಂತಿದೆ. ಮುಂದಿನ ದಶಕಗಳಲ್ಲಿ ನಮ್ಮ ಭಾಗದ ಬೇಸಿಗೆ ಮತ್ತು ಮಳೆ ಹೇಗಿರುತ್ತವೆ ಎಂದು ಲೆಕ್ಕ ಹಾಕುವವರಿಗೆ ಈ ಅಂಕಿಗಳು ಬೇಕು. ಬೋರ್‌ವೆಲ್ ಮತ್ತು ಮಳೆಯನ್ನೇ ನೆಚ್ಚಿದ ಧರ್ಮಪುರಿ ಕಡೆಯ ರೈತರಿಗೆ ಇದು ದೂರದ ವಿಷಯವಲ್ಲ.

ನೆಲದ ಲೈಡಾರಿಗೂ ಮಿತಿ ಇದೆ. ಕೆಳಗೆ ದಟ್ಟ ಮೋಡವಿದ್ದರೆ ಲೇಸರ್ ಅಲ್ಲೇ ನಿಲ್ಲುತ್ತದೆ. ಹೀಗಾಗಿ ಮುಂಗಾರಿನಲ್ಲಿ, ಅಂದರೆ ಸಿರಸ್ ಹೆಚ್ಚಾಗಿರುವ ಕಾಲದಲ್ಲೇ, ಅಳತೆಯ ರಾತ್ರಿಗಳು ಕಡಿಮೆ. ಉಪಗ್ರಹ ಮೇಲಿನಿಂದ ನೋಡುವುದರಿಂದ ಈ ಕೊರತೆಯನ್ನು ತುಂಬುತ್ತದೆ, ಆದರೆ ಒಂದೇ ಊರಿನ ಮೇಲೆ ಅದು ನಿಲ್ಲುವುದಿಲ್ಲ. ಎರಡೂ ಬೇಕು.

ಮೊರಪ್ಪೂರಿನಿಂದ ಇನ್ನೂ ಹತ್ತಿರ, ಜವಾದಿ ಬೆಟ್ಟಗಳ ಕಾವಲೂರಿನಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೇಣು ಬಾಪು ವೀಕ್ಷಣಾಲಯವಿದೆ. 2.34 ಮೀಟರಿನ ದೂರದರ್ಶಕ ಅಲ್ಲಿ 1986ರಿಂದ ಇದೆ. ನಕ್ಷತ್ರದ ಬೆಳಕನ್ನು ಕರಾರುವಾಕ್ಕಾಗಿ ಅಳೆಯುವವರಿಗೆ ಈ ಕಾಣದ ಹಿಮಪದರವೇ ಕಾಟ. ಒಬ್ಬರು ಹುಡುಕುವ ಮೋಡ ಇನ್ನೊಬ್ಬರಿಗೆ ಬೇಡದ್ದು.

ಸದಸ್ಯರು ಮನೆಯಿಂದಲೇ ನೋಡಬಹುದಾದದ್ದು

1. ಸೂರ್ಯನನ್ನು ನೇರವಾಗಿ ನೋಡಬಾರದು. ಕಟ್ಟಡದ ಮೂಲೆ ಅಥವಾ ತೆಂಗಿನ ಮರದ ಹಿಂದೆ ಸೂರ್ಯನನ್ನು ಮರೆಮಾಡಿ ಸುತ್ತ ನೋಡಿ. ಹುಣ್ಣಿಮೆಯ ಆಸುಪಾಸಿನ ಚಂದ್ರನಾದರೆ ಈ ಚಿಂತೆ ಇಲ್ಲ.

2. ಕೈ ಪೂರ್ತಿ ಚಾಚಿ ಬೆರಳುಗಳನ್ನು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಸುಮಾರು 20ರಿಂದ 22 ಡಿಗ್ರಿ. ಒಂದು ಗೇಣಿನ ದೂರದಲ್ಲಿ ಬಳೆ ಇದ್ದರೆ ಅದು ಹಿಮದ ಪರಿವೇಷ.

3. ದಿನಾಂಕ, ಸಮಯ, ಊರು ಬರೆದಿಟ್ಟುಕೊಳ್ಳಿ. ಮುಂದಿನ ಎರಡು ದಿನ ಮಳೆ ಬಂತೇ ಎಂದೂ ಬರೆಯಿರಿ. ಬಳೆ ಕಂಡರೆ ಮಳೆ ಎಂಬ ಮಾತು ನಮ್ಮೂರಿನಲ್ಲಿ ಎಷ್ಟು ಸಲ ನಿಜವಾಗುತ್ತದೆ ಎಂದು ಒಂದು ವರ್ಷದಲ್ಲಿ ನಮಗೇ ತಿಳಿಯುತ್ತದೆ.

4. ಜಾತ್ರೆಯಲ್ಲಿ ಸಿಗುವ ಹಸಿರು ಲೇಸರ್ ಪಾಯಿಂಟರುಗಳಲ್ಲಿ ಬಹಳಷ್ಟು ಇದೇ 532 ನ್ಯಾನೋಮೀಟರಿನವು. ಮಕ್ಕಳು ಅದನ್ನು ಯಾರ ಕಣ್ಣಿಗೂ, ವಿಮಾನದ ಕಡೆಗೂ ಹಿಡಿಯದಂತೆ ನೋಡಿಕೊಳ್ಳಿ. ಕಣ್ಣಿನ ಹಾನಿ ಸರಿಹೋಗುವಂಥದಲ್ಲ.

ಪದಗಳ ಪಟ್ಟಿ

ನಮ್ಮ ಮಕ್ಕಳು ಹೆಚ್ಚಾಗಿ ತಮಿಳು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ವಿಜ್ಞಾನ ಓದುತ್ತಾರೆ. ಮನೆಯಲ್ಲಿ ಕನ್ನಡದಲ್ಲಿ ವಿವರಿಸಲು ಅನುಕೂಲವಾಗಲೆಂದು ಈ ಪದಗಳು.

ಚದುರಿಕೆ: ಬೆಳಕು ಕಣಕ್ಕೆ ತಗುಲಿ ಬೇರೆ ದಿಕ್ಕುಗಳಿಗೆ ಹೋಗುವುದು.
ಹಿಂಚದುರಿಕೆ: ಚದುರಿದ ಬೆಳಕಿನಲ್ಲಿ ಬಂದ ದಾರಿಗೇ ಮರಳುವ ಪಾಲು.
ವಕ್ರೀಭವನ: ಗಾಳಿಯಿಂದ ಹಿಮಕ್ಕೆ, ಹಿಮದಿಂದ ಗಾಳಿಗೆ ದಾಟುವಾಗ ಬೆಳಕು ಬಾಗುವುದು.
ಧ್ರುವೀಕರಣ: ಬೆಳಕಿನ ಅಲುಗಾಟ ಒಂದೇ ದಿಕ್ಕಿಗೆ ಕಟ್ಟುಬಿದ್ದಿರುವುದು.
ಅಲೆಯುದ್ದ: ಅಲೆಯ ಒಂದು ಏರಿನಿಂದ ಮುಂದಿನ ಏರಿಗೆ ಇರುವ ದೂರ. ಬೆಳಕಿನ ಬಣ್ಣ ಇದನ್ನು ಅವಲಂಬಿಸಿದೆ.
ಪರಿವೇಷ: ಸೂರ್ಯ ಅಥವಾ ಚಂದ್ರನ ಸುತ್ತ ಕಾಣುವ ಬಳೆ.

ಈ ಕೊನೆಯ ಪದ ಪುಸ್ತಕದ್ದು. ತಮಿಳಿನ ನೆರೆಯವರು ಚಂದ್ರ ಕೋಟೆ ಕಟ್ಟಿದ್ದಾನೆ ಎನ್ನುತ್ತಾರೆ, ತೆಲುಗಿನವರು ವರದಗುಡಿ ಎನ್ನುತ್ತಾರೆ. ನಮ್ಮ ಗಡಿನಾಡಿನ ಕನ್ನಡ ಮನೆಗಳಲ್ಲಿ ಅಜ್ಜ ಅಜ್ಜಿಯರು ಇದಕ್ಕೆ ಏನೆನ್ನುತ್ತಿದ್ದರು? ನೆನಪಿರುವ ಸದಸ್ಯರು ಊರಿನ ಹೆಸರಿನೊಂದಿಗೆ ಬರೆದು ಕಳಿಸಬೇಕೆಂದು ಕೋರುತ್ತೇವೆ. ಬಂದ ಪದಗಳನ್ನು ಇದೇ ಪಟ್ಟಿಗೆ ಸೇರಿಸುತ್ತೇವೆ.